ಕ್ರಿಮಿಯ ಜಾಡು

ಹಸುಗೂಸುಗಳ ವಾರ್ಡಿನ ನೆಲ ಒರೆಸಿ ಮಾಪಕ್ಕ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಎಂದಿನ ಚಹಾದ ಕಪ್ಪು.

"ಮೂರನೇ ಮಗೂಗೂ ಜ್ವರ ಬಂತು. ಇಲ್ಲಿ ಕೊಳೆ ಮುಟ್ಟೋಳು ನೀನೊಬ್ಬಳೇ. ಇವತ್ತಿಂದ ಒಳಗೆ ಬರಬೇಡ, ಮೆಟ್ಟಿಲು ಗುಡಿಸ್ಕೊಂಡಿರು. ಕೆಲಸದಿಂದಾನೇ ತೆಗೀರಿ ಅಂತ ಮೇಲಿನೋರಿಗೆ ಬರೀತೀನಿ."

"ಹನ್ನೊಂದು ವರ್ಷ ಆಯ್ತು ಸಿಸ್ಟರ್, ಒಂದಿನಾನೂ ಕೈ ತೊಳೀದೆ ಒಳಗೆ ಬಂದಿಲ್ಲ. ನೀವೆಲ್ಲ ಕೈ ತೊಳೆಯೋ ಬೇಸಿನ್ನು ನಾರ್ತಿದೆ ಅಂತ ಎಷ್ಟು ಸಲ ಹೇಳ್ದೆ..."

"ನಾರಿದ್ರೆ ತಿಕ್ಕೋದು ಯಾರ ಕೆಲಸ?"

ಮಾಪಕ್ಕ ನರ್ಸುಗಳ ಕೋಣೆಯ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿದ್ದ ತನ್ನ ಲೋಟವನ್ನು ಎತ್ತಿಕೊಂಡು ಮೆಟ್ಟಿಲಿಗೆ ಹೋದಳು.

"ಎರಡು ದಿನ ತಡೀರಿ ಸಿಸ್ಟರ್" ಎಂದಳು, ಮಕ್ಕಳ ರಕ್ತ ತೆಗೆದುಕೊಳ್ಳಲು ಬಂದಿದ್ದ ಲ್ಯಾಬಿನ ಹುಡುಗಿ. ಅವಳ ಹತ್ತಿರ ಅಂಗೈಯಗಲದ ಹೊಸ ಯಂತ್ರವೊಂದಿತ್ತು. ಕ್ರಿಮಿಯ ಡಿಎನ್‌ಎಯನ್ನು ಅದು ಅಕ್ಷರ ಅಕ್ಷರವಾಗಿ ಓದಬಲ್ಲದು. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ.

ಹುಡುಗಿ ಹತ್ತಿ ಸುತ್ತಿದ ಕಡ್ಡಿಗಳಿಂದ ಎಲ್ಲರ ಕೈ, ಬಾಗಿಲ ಹಿಡಿ, ನಲ್ಲಿ, ಕೊಳವೆ, ನೆಲ ಒರೆಸುವ ಮಾಪು ಎಲ್ಲವನ್ನೂ ಸವರಿ ಸವರಿ ಮಾದರಿ ತೆಗೆದುಕೊಂಡಳು. ಕೊನೆಗೆ ಮೆಟ್ಟಿಲಿಗೂ ಬಂದಳು. ಮಾಪಕ್ಕನ ಅಂಗೈ ತೆರೆದು ನೋಡಿ, "ಎಷ್ಟು ಬಿರುಕು ಬಿಟ್ಟಿದೆ! ಉರಿಯುತ್ತಾ ಅಕ್ಕ? ಮೆಲ್ಲಗೆ ಮಾಡ್ತೀನಿ" ಎಂದಳು. ಇಷ್ಟು ವರ್ಷದಲ್ಲಿ ಆ ಕೈಯನ್ನು ಯಾರೂ ಹಾಗೆ ಹಿಡಿದು ನೋಡಿರಲಿಲ್ಲ.

"ಕಡ್ಡಿ ಮೇಲೆ ನನ್ನ ಹೆಸರು ಬರೀಬೇಡಮ್ಮ. ನೋಡಿದ್ರೆ ನಿನ್ನ ಯಂತ್ರಾನೂ ನನ್ನೇ ಬೈದೀತು."

"ಯಾರ ಹೆಸರೂ ಇಲ್ಲ ಅಕ್ಕ, ಬರೀ ನಂಬರು. ದೊಡ್ಡ ಸಿಸ್ಟರೂ ಒಂದು ನಂಬರೇ."

ಮೂರನೆಯ ದಿನ ಬೆಳಿಗ್ಗೆ ಪರದೆಯ ಮೇಲೆ ಸಾಲು ಸಾಲು ಅಕ್ಷರಗಳು ಮೂಡಿದವು. ಇರುವುದು ನಾಲ್ಕೇ ಅಕ್ಷರ, ಅವೇ ಅದಲುಬದಲಾಗಿ ಲಕ್ಷಗಟ್ಟಲೆ. ಮೂರು ಮಕ್ಕಳ ಕ್ರಿಮಿಯೂ ಒಂದೇ. ಅದು ಮಾಪಕ್ಕನ ಕೈಯಲ್ಲಿರಲಿಲ್ಲ, ಮಾಪಿನಲ್ಲೂ ಇರಲಿಲ್ಲ. ಹದಿನಾಲ್ಕನೆಯ ಕಡ್ಡಿಯ ಕ್ರಿಮಿ ಮಾತ್ರ ಮಕ್ಕಳ ಕ್ರಿಮಿಗೆ ಸರಿಯಾಗಿ ಹೊಂದಿತ್ತು.

"ಯಾರದು ಹದಿನಾಲ್ಕು?" ದೊಡ್ಡ ಸಿಸ್ಟರ್ ಕೇಳಿದರು.

"ಯಾರದೂ ಅಲ್ಲ, ನಿಮ್ಮ ಕೋಣೆ ಬೇಸಿನ್ನಿಂದ ನೀರು ಇಳಿಯೋ ಕೊಳವೆ. ಯಾರೋ ದಿನಾ ಅದರೊಳಗೆ ಸಿಹಿ ಸುರಿದು ಕ್ರಿಮಿ ಸಾಕಿದಾರೆ. ನಲ್ಲಿ ಬಿಟ್ಟಾಗೆಲ್ಲ ಅದು ಸಿಡಿದು, ತೊಳೆದ ಕೈಗೇ ಅಂಟುತ್ತೆ."

ದೊಡ್ಡ ಸಿಸ್ಟರ್ ತಮ್ಮ ಕಪ್ಪನ್ನು ನೋಡಿದರು. ತಳದಲ್ಲಿ ಎರಡು ಗುಟುಕು ಚಹಾ ಉಳಿದಿತ್ತು. ದಿನವೂ ಉಳಿಯುತ್ತಿತ್ತು, ದಿನವೂ ಅದನ್ನು ಅವರು ಆ ಬೇಸಿನ್ನಿಗೇ ಚೆಲ್ಲುತ್ತಿದ್ದರು.

ಯಾವ ಔಷಧಿ ನಾಟುತ್ತದೆಂಬ ಸುಳಿವೂ ಆ ಅಕ್ಷರಗಳಲ್ಲೇ ಸಿಕ್ಕಿತು. ಕೊಳವೆ ಬದಲಾಯಿತು. ವಾರದೊಳಗೆ ಮಕ್ಕಳ ಜ್ವರ ಇಳಿದು, ವಾರ್ಡಿನ ತುಂಬ ಮತ್ತೆ ಹಸಿವಿನ ಅಳು ಕೇಳಿಸಿತು.

ಅದಕ್ಕೂ ಮೊದಲೇ, ವರದಿ ಬಂದ ದಿನವೇ, ದೊಡ್ಡ ಸಿಸ್ಟರ್ ಮೆಟ್ಟಿಲ ಬಳಿ ಹೋಗಿದ್ದರು. ಮೇಲಿನವರಿಗೆಂದು ಬರೆದಿಟ್ಟಿದ್ದ ಕಾಗದದ ಹರಿದ ಚೂರುಗಳು ಜೇಬಿನಲ್ಲಿದ್ದವು.

"ತಪ್ಪು ನಂದು. ಒಳಗೆ ಬಾ" ಎಂದರು. ಆಮೇಲೆ, "ಕಪ್ಪು ತೊಳೆಯೋಕೆ ಆ ಕೊನೇ ಅಡುಗೆಕೋಣೆಗೆ ಹೋಗ್ತಿದೀನಿ. ನಿನ್ನ ಲೋಟಾನೂ ಕೊಡಕ್ಕ."

ಮಾಪಕ್ಕ ಅವರ ಮುಖ ನೋಡಿದಳು. ಲೋಟ ಕೊಟ್ಟಳು.

"ಸೋಪು ಹಾಕಿ ತೊಳೀರಿ ಸಿಸ್ಟರ್. ಇಲ್ದಿದ್ರೆ ಆ ಹುಡುಗಿ ಮತ್ತೆ ಕಡ್ಡಿ ಹಿಡ್ಕೊಂಡು ಬಂದಾಳು!"