ಸೀಮೆಸುಣ್ಣದ ಗೆರೆ

"ನಾನು ಆ ಪೈಪಿನಡಿ ಕೂರುವುದಿಲ್ಲ. ಬೇರೆಯವರಿಗೂ ಕೂರಿ ಅಂತ ಹೇಳುವುದಿಲ್ಲ," ಎಂದಳು ಗುಣವತಿ. ಉರ್ವದ ಗೇರುಬೀಜದ ಕಾರ್ಖಾನೆಯ ಹೆಂಗಸರೆಲ್ಲ ಅವಳ ಹಿಂದೆ ನಿಂತಿದ್ದರು. ಎದುರಿಗಿದ್ದವನು ಫಿಟ್ಟರ್ ಸಂಕಪ್ಪ, ಅವಳ ಗಂಡ.

ತಪ್ಪು ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು. ಬಾಯ್ಲರಿನಿಂದ ಬೀಜ ಬೇಯಿಸುವ ಕೋಣೆಗೆ ಹೋಗುವ ಹಬೆಯ ಪೈಪು ಬೀಜ ಒಡೆಯುವ ಹೆಂಗಸರ ತಲೆಯ ಮೇಲೆಯೇ ಹಾದುಹೋಗುತ್ತದೆ. ಕಾದ ಪೈಪು ಉದ್ದವಾಗುತ್ತದೆ, ಅದನ್ನು ಹಿಡಿದಿಡುವ ಕ್ಲಾಂಪುಗಳನ್ನು ಸಡಿಲ ಬಿಡು ಎಂದು ಇಂಜಿನಿಯರು ಹೇಳಿಹೋಗಿದ್ದರು. ಸಂಕಪ್ಪ ತಲೆಯಾಡಿಸಿಯೂ ಇದ್ದ. ಆದರೆ ಆಯುಧಪೂಜೆಗೆ ಪೈಪಿಗೆ ಹೂ ಮುಡಿಸುವಾಗ ಕ್ಲಾಂಪು ಅಲ್ಲಾಡಿದ್ದು ಕಂಡು ಅವನ ಕೈ ಸುಮ್ಮನಿರಲಿಲ್ಲ. ಸಂಕಪ್ಪ ಹಾಕಿದ ಬೋಲ್ಟು ಅಲ್ಲಾಡುವುದನ್ನು ನಾಲ್ಕು ಜನ ನೋಡಬೇಕೇ? ಮಂಗಳಾರತಿಗೆ ಮೊದಲೇ ಎಲ್ಲವನ್ನೂ ಬಿಗಿದುಬಿಟ್ಟ.

ರಜೆ ಮುಗಿದು ಬಾಯ್ಲರ್ ಹೊತ್ತಿಸಿದಾಗ, ಸರಿಯಲು ಜಾಗವಿಲ್ಲದ ಪೈಪು ಬಾಗಿ, ಜಾಯಿಂಟು ಬಿಟ್ಟು ಹಬೆ ನುಗ್ಗಿತು. ಗುಣವತಿ ಆಗಷ್ಟೇ ನೀರು ಕುಡಿಯಲು ಎದ್ದಿದ್ದಳು. ಅವಳು ಕೂರುವ ಮಣೆ ಹಬೆಗೆ ತೊಯ್ದುಹೋಗಿತ್ತು.

"ರಿಪೇರಿ ಆಯ್ತಲ್ಲ ಮಾರಾಯ್ತಿ. ಎಲ್ಲ ಸಡಿಲ ಬಿಟ್ಟಿದ್ದೇನೆ."

"ಬಿಗಿ ಮಾಡಿದಾಗಲೂ ಸರಿ ಉಂಟು ಅಂತಲೇ ಹೇಳಿದ್ದು ನೀವು."

ಅವನು ಏಣಿ ಹತ್ತಿದ. ಪೈಪಿನಡಿಗೆ ಬೆಸೆದ ಕಾಲಿಗೂ ಅದು ಕೂತ ಕಬ್ಬಿಣದ ತೊಲೆಗೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. ಬಾಯ್ಲರಿನ ನೋಣಯ್ಯ ನಿಧಾನಕ್ಕೆ ಹಬೆ ಬಿಟ್ಟ. ಪೈಪು ಕಿರುಗುಟ್ಟಿತು, ಗೆರೆ ತುಂಡಾಗಿ ಅದರ ಮೇಲಿನರ್ಧ ಎರಡು ಬೆರಳಷ್ಟು ದೂರ ಸರಿಯಿತು. ಹೆಂಗಸರು ಬಾಗಿಲಿನಾಚೆಗೆ ಓಡಿದರು. ಗುಣವತಿ ಮಾತ್ರ ಕತ್ತೆತ್ತಿ ನೋಡುತ್ತ ನಿಂತಳು.

"ತಿರುಗಿ ಬರ್ತದಾ ಅದು?"

"ತಣಿದರೆ ಬರಬೇಕು. ಬಾರದಿದ್ದರೆ ಎಲ್ಲೋ ಇನ್ನೂ ಬಿಗಿ ಉಂಟು ಅಂತ."

"ಬರಬೇಕು ಅಲ್ಲ. ಬರ್ತದಾ?"

"ಗೊತ್ತಿಲ್ಲ. ನಾನು ನೋಡಿದವನಲ್ಲ."

ಗಂಡನ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಅವಳು ಮದುವೆಯಾದಂದಿನಿಂದ ಕೇಳಿರಲಿಲ್ಲ. "ಹಾಗಾದರೆ ನೋಡುವ," ಎಂದಳು.

ಅಂದು ಕೆಲಸ ನಡೆಯಲಿಲ್ಲ. ಬೆಂಕಿ ಆರಿಸಿ ನೋಣಯ್ಯ ಮನೆಗೆ ಹೋದ, ಹೆಂಗಸರೂ ಹೋದರು. ಗಂಡಹೆಂಡತಿ ಬಾಗಿಲ ಬಳಿ ಕೂತು, ಅವಳು ತಂದಿದ್ದ ಬುತ್ತಿಯನ್ನು ಹಂಚಿಕೊಂಡು ಉಂಡರು. ನಡುನಡುವೆ ಪೈಪು ಟಕ್ ಎನ್ನುವಾಗೆಲ್ಲ ಸಂಕಪ್ಪ ಏಣಿ ಹತ್ತಿ ಇಳಿಯುತ್ತಿದ್ದ.

"ಎಷ್ಟು ಉಂಟು?"

"ಇನ್ನು ಒಂದು ಉಗುರಿನಷ್ಟು."

ಹೊತ್ತು ಇಳಿಯುತ್ತಿತ್ತು. ಗುಣವತಿ ಎದ್ದು, ಅಂಗಳದಲ್ಲಿ ಒಣಗಲು ಇಟ್ಟಿದ್ದ ಮಣೆಯನ್ನು ತಂದಳು. ಸೆರಗಿನಿಂದ ಅದರ ಧೂಳು ಒರೆಸಿ, ಪೈಪಿನಡಿ ತನ್ನ ಜಾಗದಲ್ಲಿಟ್ಟು ಕೂತಳು. ಸಂಕಪ್ಪ ಏಣಿಯ ಮೇಲಿನಿಂದ ಗೆರೆಯನ್ನು ನೋಡುವುದು ಬಿಟ್ಟು ಅವಳ ಬೈತಲೆಯನ್ನು ನೋಡುತ್ತಿದ್ದ.