ಒಲೆ ಹಚ್ಚದ ಹತ್ತೊಂಬತ್ತು ಮಕ್ಕಳು

ಆ ದಿನ ಮಧ್ಯಾಹ್ನ ಒಂದು ಗಂಟೆಯೊಳಗೆ ಎಲ್ಲಿಂದಾದರೂ ಒಂದು ಬೆಂಕಿ ಸಿಗದಿದ್ದರೆ ಅಗ್ನಿಶಾಮಕ ಠಾಣೆಗೆ ಬೀಗ ಬೀಳುವುದಿತ್ತು.

ಠಾಣಾಧಿಕಾರಿ ಹನ್ನೊಂದು ವರ್ಷದಿಂದ ಅಲ್ಲೇ ಇದ್ದರು. ದಿನವೂ ಮಧ್ಯಾಹ್ನ ಒಂದಕ್ಕೆ ಕೇಂದ್ರ ಕಚೇರಿಗೆ ಒಪ್ಪಿಸುವ ವರದಿಯ ನಮೂನೆಯಲ್ಲಿ ಎರಡೇ ಅಂಕಣ: ‘ಹೊತ್ತಿದ ಬೆಂಕಿ’, ‘ತಡೆದ ಬೆಂಕಿ’. ಸತತ ಒಂದು ವರ್ಷ ಎರಡರಲ್ಲೂ ಸೊನ್ನೆ ಬಂದರೆ ಆ ಠಾಣೆಯನ್ನು ಮುಚ್ಚಬೇಕೆಂಬುದು ಇಲಾಖೆಯ ನಿಯಮ. ಮುನ್ನೂರ ಅರವತ್ತನಾಲ್ಕು ದಿನ ಅವರು ದುಂಡಗೆ ಸೊನ್ನೆ ಬರೆದಿದ್ದರು. ಸುತ್ತಲಿನ ಬೀದಿಗಳ ಜನ ಗ್ಯಾಸ್ ಆರಿಸಿಯೇ ಮಲಗುತ್ತಿದ್ದರು, ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತೇ ಕೆಲಸಕ್ಕೆ ಹೊರಡುತ್ತಿದ್ದರು. ಮನೆಮನೆಗೆ ಹೋಗಿ ಅದನ್ನು ಕಲಿಸಿದವರು ಈ ಅಧಿಕಾರಿಯೇ. ಕಾಲ ಮೇಲೆ ತಾವೇ ಚಪ್ಪಡಿ ಎಳೆದುಕೊಂಡಿದ್ದರು.

‘ಸಾರ್, ಹಿಂದುಗಡೆ ಒಂದು ಹಳೇ ಟೈರ್ ಬಿದ್ದಿದೆ’ ಎಂದ ಚಾಲಕ. ‘ನಾನು ಸುಮ್ನೆ ಆ ಕಡೆ ಹೋಗಿ ಬರ್ಲಾ?’

‘ಬೆಂಕಿ ಹಚ್ಚೋಕೇನೋ ನಿನ್ನ ಇಟ್ಕೊಂಡಿರೋದು?’

‘ಆರಿಸೋಕೆ ಸಾರ್. ಆದ್ರೆ ಮೊದಲು ಹತ್ಬೇಕಲ್ಲ.’

‘ಸುಳ್ಳು ಬರೆಯೋ ಕೈಯಲ್ಲ ಇದು. ಮುಚ್ಚಿದ್ರೆ ಮುಚ್ಲಿ.’ ಹಾಗೆಂದರೂ ಅವರ ಕಣ್ಣು ಗೋಡೆ ಗಡಿಯಾರದ ಮೇಲೆಯೇ ಇತ್ತು. ಹತ್ತೂ ಕಾಲು.

ಅದೇ ಹೊತ್ತಿಗೆ ಪಕ್ಕದ ಶಿಶುವಿಹಾರದಿಂದ ಅವರ ತಂಗಿ ಇಪ್ಪತ್ತೆರಡು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದಳು. ಅಲ್ಲಿನ ಟೀಚರ್ ಅವಳೇ. ಶಿಶುವಿಹಾರದ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ‘ಒಲೆ ಹಚ್ಚದ ಅಡುಗೆ’ ತರಗತಿಯನ್ನು ಎಲ್ಲಾದರೂ ನಡೆಸಲೇಬೇಕಿತ್ತು; ಠಾಣೆಯಲ್ಲಿ ಎಂದು ಹಿಂದಿನ ದಿನವೇ ಮನೆಗಳಿಗೆ ಹೇಳಿ ಕಳಿಸಿದ್ದಳು. ಬೆಂಕಿಗಾಡಿಯನ್ನು ಅಂಗಳಕ್ಕೆ ತೆಗೆದು, ಷೆಡ್ಡಿನಲ್ಲಿ ಊಟದ ಮೇಜು ಹಾಕಿಕೊಟ್ಟರು. ಬಿಸ್ಕತ್ತನ್ನು ದಪ್ಪ ಚೀಲದಲ್ಲಿ ತುಂಬಿ ಪುಡಿ ಮಾಡಬೇಕು, ಬೆಣ್ಣೆ, ಕೋಕೋ, ಗಟ್ಟಿ ಹಾಲು ಹಾಕಿ ಕಲಸಬೇಕು, ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಬೇಕು, ಅಷ್ಟೆ. ಲಟ್ಟಣಿಗೆ ಒಂದೇ ಇದ್ದುದರಿಂದ ಚಾಲಕ ಹೆಲ್ಮೆಟ್ಟಿನಿಂದ ಕುಟ್ಟತೊಡಗಿದ. ಮಕ್ಕಳಿಗೆ ಲಟ್ಟಣಿಗೆ ಬೇಡವಾಯಿತು.

ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಅಧಿಕಾರಿಯ ಪ್ಯಾಂಟು ಜಗ್ಗಿದಳು.

‘ಅಂಕಲ್, ಓವನ್ ಎಲ್ಲಿ?’

‘ಇಲ್ಲಿ ಓವನ್ ಇಲ್ಲ ಪುಟ್ಟಿ.’

‘ನಂಗೆ ಕೇಕ್ ಬೇಯಿಸ್ಬೇಕು. ಬೆಳಿಗ್ಗೆ ಮನೇಲಿ ನಾನೇ ಹಚ್ತಿದ್ದೆ. ಕುರ್ಚಿನೂ ಹಾಕ್ಕೊಂಡಿದ್ದೆ. ಅಮ್ಮ, ಠಾಣೇಲಿ ಮಾಡೋವಂತೆ ಬಾ ಅಂತ ಎಳ್ಕೊಂಡು ಬಂದ್ರು.’

ಅಧಿಕಾರಿಯ ಕಿವಿ ನೆಟ್ಟಗಾಯಿತು. ಕೋಣೆಗೆ ಹೋಗಿ ಕೈಪಿಡಿ ತೆಗೆದು ಎರಡು ಸಲ ಓದಿದರು. ‘ಬೆಂಕಿ ಹಚ್ಚುವ ಉದ್ದೇಶವಿದ್ದ ವ್ಯಕ್ತಿ ಠಾಣೆಯ ಕಾರಣದಿಂದ ಅದನ್ನು ಹಚ್ಚದೆ ಉಳಿದರೆ ಅದು ತಡೆದ ಬೆಂಕಿ.’ ವ್ಯಕ್ತಿಯ ವಯಸ್ಸು ಇಷ್ಟಿರಬೇಕೆಂದು ಎಲ್ಲೂ ಇರಲಿಲ್ಲ. ಹಿಂದಿನ ಪುಟ, ಮುಂದಿನ ಪುಟ, ಕೊನೆಯ ತಿದ್ದುಪಡಿ, ಎಲ್ಲವನ್ನೂ ನೋಡಿದರು. ಇರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರು.

‘ಅಣ್ಣಾ, ಮಕ್ಕಳನ್ನ ಕಳ್ಳರ ಥರ ನಿಲ್ಲಿಸ್ಬೇಡ’ ಎಂದಳು ತಂಗಿ. ‘ಕೈಯಲ್ಲಿರೋ ಬೆಣ್ಣೆ ಕರಗ್ತಿದೆ.’

‘ಒಂದೇ ಪ್ರಶ್ನೆ ಕಣೇ. ಇಲ್ಲಿಗೆ ಬರದೆ ಇದ್ದಿದ್ರೆ ಇವತ್ತು ಒಲೆ ಹಚ್ತಿದ್ದೆಯೋ ಇಲ್ವೋ?’

ಹತ್ತೊಂಬತ್ತು ಮಕ್ಕಳು ಹಚ್ಚುತ್ತಿದ್ದೆವು ಎಂದರು. ಒಬ್ಬ, ಮನೆಯ ಬೆಕ್ಕಿಗೂ ಬೇಯಿಸುವವನಿದ್ದೆ ಎಂದ. ಒಬ್ಬಳಿಗೆ ನಿದ್ದೆ ಬಂದಿತ್ತು. ಇನ್ನೊಬ್ಬನಿಗೆ ಬೆಣ್ಣೆಯನ್ನು ಹಾಗೇ ತಿನ್ನುವುದು ಇಷ್ಟ. ಮತ್ತೊಬ್ಬ ಮೇಜಿನ ಕೆಳಗಿಂದ ಉತ್ತರ ಕೊಡಲಿಲ್ಲ. ಅವನನ್ನು ಅನುಮಾನದ ಮೇಲೆ ಸೇರಿಸಲು ಅಧಿಕಾರಿಯ ಮನಸ್ಸು ಒಪ್ಪಲಿಲ್ಲ. ಒಂದು ಗಂಟೆಗೆ ಸರಿಯಾಗಿ ಕೇಂದ್ರ ಕಚೇರಿಗೆ ಫೋನ್ ಮಾಡಿದರು.

‘ಹೊತ್ತಿದ್ದು ಸೊನ್ನೆ. ತಡೆದಿದ್ದು ಹತ್ತೊಂಬತ್ತು.’

‘ಹತ್ತೊಂಬತ್ತಾ? ಅಲ್ಲೇ ಇರಿ, ಗಾಡಿ ಕಳಿಸ್ತೀವಿ’ ಎಂದು ಆ ಕಡೆಯವರು ಫೋನ್ ಇಟ್ಟರು.

ಒಂದೂವರೆಗೆ ಮೂರು ಬೆಂಕಿಗಾಡಿಗಳು ಗಂಟೆ ಬಾರಿಸುತ್ತ ಬಂದವು. ಮಕ್ಕಳು ಚಪ್ಪಾಳೆ ತಟ್ಟಿದರು. ಮೊದಲನೆಯ ಗಾಡಿಯಿಂದ ವಿಭಾಗಾಧಿಕಾರಿ ಇಳಿದರು. ಠಾಣೆ ಇರಬೇಕೋ ಬೇಡವೋ ಎಂದು ಕೊನೆಯ ಮಾತು ಹೇಳುವವರು ಅವರೇ.

‘ಎಲ್ರೀ ಹತ್ತೊಂಬತ್ತು?’

ಠಾಣಾಧಿಕಾರಿ ಮೇಜಿನ ಕಡೆ ಕೈ ತೋರಿಸಿದರು. ವಿಭಾಗಾಧಿಕಾರಿ ಮಕ್ಕಳನ್ನು ಎಣಿಸಿ, ಕೈಪಿಡಿ ಓದಿ, ಮತ್ತೆ ಮಕ್ಕಳನ್ನು ಎಣಿಸಿದರು. ನಗಲಿಲ್ಲ. ಹಲ್ಲು ಬಿದ್ದ ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತರು.

‘ಕೇಕ್ ಬೇಯಿಸ್ಬೇಕು ಅಂತ ಈಗಲೂ ಇದೆಯೇನಮ್ಮಾ?’

ಚಾಲಕ ಅವರ ಬೆನ್ನ ಹಿಂದೆ ನಿಂತು ‘ಇಲ್ಲ ಅನ್ನು’ ಎಂದು ತಲೆಯಾಡಿಸುತ್ತಿದ್ದ. ಠಾಣಾಧಿಕಾರಿ ಅವನ ತೋಳು ಹಿಡಿದರು. ‘ಮಗು ಬಾಯಲ್ಲಿ ಸುಳ್ಳು ಹೇಳಿಸ್ಬೇಡ’ ಎಂದು ಪಿಸುಗುಟ್ಟಿದರು.

‘ಇದೆ. ಸಂಜೆ ಬೇಯಿಸ್ತೀನಿ’ ಎಂದಳು ಹುಡುಗಿ.

ಉಳಿದ ಹದಿನೆಂಟು ಮಕ್ಕಳೂ ಅದನ್ನೇ ಹೇಳಿದರು. ಬೆಕ್ಕಿನ ಹುಡುಗ, ಬೆಕ್ಕಿಗೂ ಸಂಜೆಯೇ ಆಗಬಹುದು ಎಂದ.

ವಿಭಾಗಾಧಿಕಾರಿ ಎದ್ದು ಮೊಣಕಾಲಿನ ಸಕ್ಕರೆ ಕೊಡವಿಕೊಂಡರು. ‘ಇದು ತಡೆದದ್ದಲ್ಲ ಕಣ್ರೀ. ಮುಂದಕ್ಕೆ ಹಾಕಿದ್ದು.’

ಠಾಣಾಧಿಕಾರಿ ಜೇಬಿನಿಂದ ಠಾಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

‘ಇದನ್ಯಾಕೆ ಕೊಡ್ತಿದ್ದೀರಿ?’

‘ತಡೆದದ್ದು ಸೊನ್ನೆ ಆಯ್ತಲ್ಲ ಸಾರ್.’

‘ಹತ್ತೊಂಬತ್ತು ಬೆಂಕಿ ಬಾಕಿ ಇರೋವಾಗ ಠಾಣೆ ಮುಚ್ಚೋಕೆ ನನಗೇನು ತಲೆ ಕೆಟ್ಟಿದೆಯೇನ್ರೀ? ನಾಳೆ ಒಂದು ಹತ್ಕೊಂಡ್ರೆ ಯಾರು ಜವಾಬ್ದಾರಿ?’ ಅವರು ನಮೂನೆಯನ್ನು ಬಿಡಿಸಿ, ಸ್ಕೇಲು ಕೇಳಿ, ಎರಡು ಅಂಕಣಗಳ ಪಕ್ಕದಲ್ಲಿ ಗೆರೆ ಎಳೆದು ಮೂರನೆಯದನ್ನು ಮಾಡಿದರು. ‘ಬಾಕಿ ಬೆಂಕಿ’ ಎಂದು ತಲೆಬರಹ ಹಾಕಿ ಕೆಳಗೆ ಹತ್ತೊಂಬತ್ತು ಎಂದು ಬರೆದರು. ‘ಬಾಕಿ ತೀರೋವರೆಗೆ ಠಾಣೆ ಇರ್ಲಿ, ತೀರಿದ ದಿನ ಬೀಗ. ಸಂಜೆ ಇವರ ಮನೆಮನೆಗೂ ಹೋಗಿ ಲೈಟರ್ ಎತ್ತರದಲ್ಲಿಡಿ ಅಂತ ಹೇಳಿ ಬನ್ನಿ.’

ಅವರು ಸಹಿಗೆಂದು ಪೆನ್ನು ಎತ್ತಿದ್ದರು. ಅಷ್ಟರಲ್ಲಿ ನಾಲ್ಕನೆಯ ಉಂಡೆ ಬಾಯಿಗೆ ಹಾಕಿಕೊಂಡ ಹುಡುಗಿ ಹೊಟ್ಟೆ ಸವರಿಕೊಂಡು, ‘ನಂಗೆ ಕೇಕ್ ಬೇಡ. ಇದೇ ಚೆನ್ನಾಗಿದೆ’ ಎಂದಳು.

ವಿಭಾಗಾಧಿಕಾರಿಗೆ ಕೇಳಿಸಿರಲಿಲ್ಲ. ಠಾಣಾಧಿಕಾರಿಗೆ ಕೇಳಿಸಿತ್ತು. ಚಾಲಕ ಕೈ ಮುಗಿದು ಅವರ ಮುಖವನ್ನೇ ನೋಡುತ್ತಿದ್ದ. ಠಾಣಾಧಿಕಾರಿ ಅವನನ್ನು ದಾಟಿ ಮೇಜಿನ ಬಳಿ ಹೋದರು.

‘ಸಾರ್, ಹದಿನೆಂಟು ಅಂತ ತಿದ್ದಿ. ತಡೆದದ್ದು ಒಂದು.’

ವಿಭಾಗಾಧಿಕಾರಿ ತಿದ್ದಿ, ಸಹಿ ಹಾಕಿ, ಒಂದು ಉಂಡೆ ಬಾಯಿಗೆ ಹಾಕಿಕೊಂಡು ಹೊರಟರು. ಮೂರು ಗಾಡಿಗಳೂ ಬಂದ ದಾರಿಯಲ್ಲೇ ಹಿಂದಿರುಗಿದವು.

ತಂಗಿ ತಟ್ಟೆಗಳನ್ನು ಜೋಡಿಸುತ್ತ, ‘ಅಣ್ಣಾ, ಬಣ್ಣ ಒಣಗೋಕೆ ಇನ್ನೂ ನಾಲ್ಕು ದಿನ ಬೇಕಂತೆ. ನಾಳೆ ಬ್ರೆಡ್ಡಿಗೆ ಬಾಳೆಹಣ್ಣು, ಜೇನು ಹಚ್ಚಿ ಸುರುಳಿ ಮಾಡಿಸ್ತೀನಿ’ ಎಂದಳು.

‘ಮಾಡಿಸಕ್ಕಾ’ ಎಂದ ಚಾಲಕ, ಉಳಿದ ಹದಿನೆಂಟು ಮಕ್ಕಳನ್ನು ಒಮ್ಮೆ ನೋಡಿ. ‘ಆದ್ರೆ ತುಂಬ ರುಚಿ ಬೇಡ.’