ಐದನೆಯ ಮತ

"ಆ ದಿನ ನನಗೆ ಜ್ವರ ಬಂತು," ಎಂದು ಪೆತ್ರಾಸ್ ಪಕ್ಕದ ಬಾಲ್ಕನಿಯಿಂದ ಕಣ್ಣು ಮಿಟುಕಿಸಿದರು. ಎಂಬತ್ತು ದಾಟಿದ ಮುದುಕರು. ಮಗಳನ್ನು ನೋಡಲೆಂದು ಲಿಥುವೇನಿಯಾದಿಂದ ಪೆನಾಂಗಿಗೆ ಬಂದವರು ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದಿದ್ದರು. ಬಯಾನ್ ಲೆಪಾಸಿನ ವಿಮಾನ ನಿಲ್ದಾಣ ಅವರ ಬಾಲ್ಕನಿಯಿಂದಲೇ ಕಾಣುತ್ತಿತ್ತು. ವಿಮಾನ ಮಾತ್ರ ಹಾರುತ್ತಿರಲಿಲ್ಲ.

ಪಕ್ಕದ ಮನೆಯ ಸದಾನಂದ ನಕ್ಕ. ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ ಮುದುಕರ ಕಥೆ ಅವನಿಗೆ ಸಂಜೆಯ ಚಹಾದ ಜೊತೆ ಸಿಗುತ್ತಿತ್ತು. ಸೋವಿಯೆತ್ ಕಾಲದಲ್ಲಿ ಹಾಲಿನ ಕಾರ್ಖಾನೆಯ ಎಂಜಿನಿಯರ್ ಆಗಿದ್ದವರು ಪಕ್ಷದ ಸಭೆಗಳಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತಿ ಎತ್ತಿಯೇ ಜಿಲ್ಲಾ ಕಾರ್ಯದರ್ಶಿಯಾದರು, ಆಮೇಲೆ ಉಪಮಂತ್ರಿಯಾದರು. ಯಾವುದಕ್ಕೆ ಕೈಯೆತ್ತಿದ್ದು ಎಂದು ಮನೆಗೆ ಬಂದು ಯೋಚಿಸಿದರೂ ನಡೆಯುತ್ತಿತ್ತು. ೧೯೮೯ರ ಡಿಸೆಂಬರಿನಲ್ಲಿ ಮಾತ್ರ ಪೀಕಲಾಟಕ್ಕಿಟ್ಟುಕೊಂಡಿತು. ಲಿಥುವೇನಿಯಾದ ಕಮ್ಯುನಿಸ್ಟ್ ಪಕ್ಷ ಮಾಸ್ಕೋದಿಂದ ಬೇರೆಯಾಗಬೇಕೋ ಬೇಡವೋ ಎಂಬ ಮತದಾನ. ಹೌದೆಂದರೆ ಮಾಸ್ಕೋ ಬಿಡುವುದಿಲ್ಲ, ಇಲ್ಲವೆಂದರೆ ಬೀದಿಯ ಜನ ಬಿಡುವುದಿಲ್ಲ. ಜ್ವರ ಬಂದದ್ದು ಆಗಲೇ.

"ಆಮೇಲೆ ಎರಡೂ ಕಡೆಯವರು ನನ್ನನ್ನು ಕರೆಯಲಿಲ್ಲ," ಎಂದು ಪೆತ್ರಾಸ್ ಇನ್ನೂ ಏನೋ ಹೇಳುತ್ತಿದ್ದರು. ಸದಾನಂದನಿಗೆ ಜ್ವರದವರೆಗಿನ ಕಥೆಯೇ ಸಾಕಾಗಿತ್ತು. ಅವನಿಗೆ ಮೀಟಿಂಗಿಗೆ ಹೊತ್ತಾಗಿತ್ತು.

ಅವರಿದ್ದ ಕಾಂಡೋ ಅಪಾರ್ಟ್‌ಮೆಂಟಿನ ಸಮಿತಿಯ ಆನ್‌ಲೈನ್ ಮೀಟಿಂಗು. ಎದುರು ಮನೆಯಲ್ಲಿ ಬಾಡಿಗೆಗಿದ್ದ ಮಂಗಳೂರಿನ ಫಿಲೊಮಿನಾ ಕೋವಿಡ್ ವಾರ್ಡಿನ ನರ್ಸು. ಸೋಂಕು ತರುತ್ತಾಳೆಂದು ಅವಳಿಗೆ ಲಿಫ್ಟ್ ಬಂದ್ ಮಾಡಿ ಆಗಿತ್ತು. ಈಗ ಅವಳನ್ನು ಕಟ್ಟಡದಲ್ಲಿ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ. ಸಮಿತಿಯಲ್ಲಿ ಇಬ್ಬರು ಅವಳ ಪರ, ಇಬ್ಬರು ವಿರುದ್ಧ, ಐದನೆಯವನು ಸದಾನಂದ. ಸಮಸಮವಾದರೆ ಅಧ್ಯಕ್ಷ ಲಿಮ್ ಹೇಳಿದ್ದೇ ತೀರ್ಮಾನ, ಲಿಮ್‌ಗೆ ಅವಳು ಹೋಗಬೇಕು. ಸದಾನಂದ ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಅವನ ಮ್ಯಾನೇಜರೂ ಲಿಮ್‌ನೇ. ಸದಾನಂದನ ವೀಸಾ ನವೀಕರಣ ಲಿಮ್‌ನ ಕೈಯಲ್ಲಿತ್ತು. ಅತ್ತ ಫಿಲೊಮಿನಾಗೆ, ನಾನಿದ್ದೇನೆ ಹೆದರಬೇಡಿ ಎಂದು ಸದಾನಂದ ಮಾತು ಕೊಟ್ಟಾಗಿತ್ತು.

ಲಿಮ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುತ್ತ ಬಂದ. ತನ್ನ ಸರದಿ ಬರುವ ಮುಂಚೆ ಸದಾನಂದ ಕೈ ಚಾಚಿ ವೈಫೈ ಸ್ವಿಚ್ಚು ಆರಿಸಿದ. ಅಡುಗೆಮನೆಯಿಂದ ಹೆಂಡತಿ ವೇದಾ, "ರೀ, ನೆಟ್ ಹೋಯ್ತಾ?" ಎಂದಳು. ಹೂಂ ಎಂದ. ಎದೆ ಹಗುರಾಯಿತು, ನಾಚಿಕೆಯೂ ಆಯಿತು. ಮತ್ತೆ ಸ್ವಿಚ್ಚು ಹಾಕಿದಾಗ ಲಿಮ್‌ನ ಮೆಸೇಜು ಕಾದಿತ್ತು: "ಲೈನ್ ಪ್ರಾಬ್ಲಮ್ ಆ? ನೆವರ್ ಮೈಂಡ್ ಲಾ, ಡಿಸೈಡೆಡ್."

ವಾರದ ಕೊನೆಗೆ ಯಾರೋ ಬಾಗಿಲು ತಟ್ಟಿದರು. ಫಿಲೊಮಿನಾ ಮಾಸ್ಕ್ ಹಾಕಿಕೊಂಡು, ಸೂಟ್‌ಕೇಸಿನ ಜೊತೆ ದೂರಕ್ಕೆ ಸರಿದು ನಿಂತಿದ್ದಳು. ಆಸ್ಪತ್ರೆಯ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದೆಯಂತೆ, ಒಂದೇ ಕೋಣೆಯಲ್ಲಿ ಆರು ಜನವಂತೆ.

"ಥ್ಯಾಂಕ್ಸ್ ಹೇಳಿ ಹೋಗುವಾ ಅಂತ ಬಂದೆ ಸರ್," ಎಂದಳು. "ನಿಮ್ಮ ನೆಟ್‌ವರ್ಕ್ ಹೋಗದಿದ್ರೆ ನಾನು ಇಲ್ಲೇ ಇರ್ತಿದ್ದೆ ಅಂತ ನಂಗೆ ಗೊತ್ತುಂಟು. ನೀವು ಬೇಜಾರು ಮಾಡ್ಬೇಡಿ."

ಸದಾನಂದ ಬಾಯಿ ತೆರೆದ. ಹಿಂದೆ ವೇದಾ ಬಂದು ನಿಂತಿದ್ದಳು. "ಹುಷಾರಾಗಿರಿ," ಎಂದಷ್ಟೇ ಹೇಳಿದ.

ಅವಳು ಮೆಟ್ಟಿಲಿನತ್ತ ಹೊರಟಳು. ಪಕ್ಕದ ಬಾಗಿಲು ತೆರೆಯಿತು. ಮಗಳು ಒಳಗಿಂದ ಕೂಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಪೆತ್ರಾಸ್ ಚಪ್ಪಲಿ ಮೆಟ್ಟಿಕೊಂಡು ಬಂದು ಸೂಟ್‌ಕೇಸಿನ ಒಂದು ಬದಿ ಹಿಡಿದರು. ಇಬ್ಬರೂ ಇಳಿಯತೊಡಗಿದರು. ಪ್ರತಿ ತಿರುವಿನಲ್ಲೂ ಮುದುಕರು ನಿಂತು ಏದುಸಿರು ಬಿಡುವುದು ಮೇಲಕ್ಕೆ ಕೇಳಿಸುತ್ತಿತ್ತು. ಸದಾನಂದ ಹೊಸ್ತಿಲ ಈಚೆಗೇ ನಿಂತು ಕೇಳಿಸಿಕೊಳ್ಳುತ್ತಿದ್ದ.